ಮೆಲ್ನಡೆ ಏರಿ

ಅಂಕನಾಳಿನ ಕೆರೆ ಏರಿಯನ್ನು ಈಗಲೂ ಚಪ್ಪಲಿ ಕಳಚಿಟ್ಟೇ ಹತ್ತಬೇಕು. ಏರಿಯ ಮೇಲೆ ಗುಡಿಯೇನೂ ಇಲ್ಲ. ನೀರಿನ ನಡುವೆ ನಿಂತ ಕರಿಜಾಲಿ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿರುತ್ತವೆ, ಅಷ್ಟೇ. ಚಳಿ ಕಳೆಯುವ ಹೊತ್ತಿಗೆ ಪಟ್ಟಣದಿಂದ ಹಕ್ಕಿ ನೋಡುವವರು ಬರುತ್ತಾರೆ; ಕೊರಳಲ್ಲಿ ದುರ್ಬೀನು, ಕಾಲಲ್ಲಿ ಆತುರ. ಊರಿನವರು ಅವರನ್ನು ಏರಿಯ ಬುಡದಲ್ಲೇ ತಡೆದು ಮೆಲ್ಲಗೆ ಹೋಗಿ ಎನ್ನುತ್ತಾರೆ. ಹಾಗೆ ಹೇಳಿಸಿಕೊಂಡು ಮುಖ ಊದಿಸಿಕೊಂಡವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಮೆಲ್ನಡೆ ಏರಿ ಎಂಬ ಹೆಸರು ಬಂದ ಬಗೆಯನ್ನು ತಿಳಿಸಿದರೆ ಅವರೂ ತಣ್ಣಗಾಗುತ್ತಾರೆ.

ಹಿಂದೆ ಒಮ್ಮೆ, ಪಾಳೆಯಗಾರರ ಆಳ್ವಿಕೆಯಲ್ಲಿ, ಈ ಊರಿನವರಿಗೆ ಕೊಕ್ಕರೆಗಳೆಂದರೆ ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು. ಬಿಸಿಲೇರುವ ಮುನ್ನ ಏರಿಯ ಮೇಲೆ ನಿಧಾನವಾಗಿ ನಡೆದು ಅವನ್ನು ನೋಡಿಬರುವುದು, ಗೂಡಿನಿಂದ ಬಿದ್ದ ಮರಿ ಕಣ್ಣಿಗೆ ಬಿದ್ದರೆ ಎತ್ತಿ ಗೂಡು ಸೇರಿಸುವುದು ಊರಿನ ಕಟ್ಟಳೆಯಾಗಿತ್ತಂತೆ. ಒಂದು ವರ್ಷ ಪಾಳೆಯಗಾರನ ಮನೆಯ ಔತಣಕ್ಕೆ ಮರಿಗಳು ಬೇಕಾಗಿ ಅವನ ಆಳುಗಳು ಬಂದು ಬಲೆ ಕಟ್ಟಿದರು. ಬೋರನೆಂಬ ಯುವಕ ಬಲೆಗಳನ್ನೆಲ್ಲ ಕೊಯ್ದು ಕೆರೆಗೆ ಎಸೆದ. ಕೊಯ್ದವನ ಬಲಗೈಯನ್ನು ಕಡಿದು ತರಬೇಕೆಂದು ಅಪ್ಪಣೆಯಾಯಿತು. ಅಪ್ಪಣೆ ಹೊತ್ತು ಸರದಾರ ಕೆಂಚನಾಯಕ ಕುದುರೆಗಳೊಂದಿಗೆ ಬಂದಾಗ ಬೋರ ಮನೆಯಲ್ಲಿರಲಿಲ್ಲ. ಹಸಿ ಮಣ್ಣಿನಲ್ಲಿ ಅವನ ಹೆಜ್ಜೆಗಳು ಕೆರೆಯ ಅಂಚಿನವರೆಗೆ ಹೋಗಿ ನಿಂತಿದ್ದವು.

ಆಳುಗಳು ನೀರಿಗಿಳಿಯಲು ಹೊರಟರು. ಬೇಟೆಯಲ್ಲಿ ಪಳಗಿದ ಕೆಂಚನಾಯಕ ಬೇಡವೆಂದ. ಕೆರೆ ಕದಡಿದರೆ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದು, ಆ ಗದ್ದಲದಲ್ಲಿ ಬೋರ ಜೊಂಡಿನೊಳಗೆ ನುಸುಳಿಬಿಡುತ್ತಾನೆ. ಸದ್ದಿಲ್ಲದೆ ಏರಿಯ ಮೇಲೆ ನಡೆದರೆ, ಯಾವ ಮರದ ಹಕ್ಕಿ ಏಳುತ್ತದೋ ಆ ಮರದ ಕೆಳಗೇ ಬೋರನಿದ್ದಾನೆ ಎಂಬುದು ಸರದಾರನ ಲೆಕ್ಕ. ದಾರಿ ತೋರಲು ಅವನು ಮುಂದಕ್ಕೆ ಕರೆದದ್ದು ಬೋರನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ ಹೊಂಬಾಳಮ್ಮನನ್ನು. ಆಕೆ ಸರದಾರನ ಕಾಲಿನ ಎಕ್ಕಡ ನೋಡಿದಳು.

“ಹೆಣ್ಮಕ್ಕಳು ಬಾಣಂತನಕ್ ಬಂದವ್ರೆ ಬುದ್ಧಿ. ಎಕ್ಕಡ ಬುಟ್ಟು, ಮೆತ್ತಗೆ ನಡೀರಿ.”

ಅವನು ಎಕ್ಕಡ ಬಿಟ್ಟ. ಆಳುಗಳನ್ನು ಏರಿಯ ತುದಿಯಲ್ಲೇ ನಿಲ್ಲಿಸಿದ. ಇಬ್ಬರೂ ನಡೆದರು. ದಿನವೂ ಸಂತೋಷದಿಂದ ಎಣಿಸುತ್ತಿದ್ದ ಗೂಡುಗಳ ಕಡೆ ಅಂದು ಕಣ್ಣೆತ್ತಲು ಹೊಂಬಾಳಮ್ಮನಿಗೆ ಭಯವಾಯಿತು. ಬೋರ ಎಲ್ಲಿದ್ದಾನೆಂದು ಅವಳಿಗೂ ತಿಳಿದಿರಲಿಲ್ಲ. ಒಂದು ಮರ ಕಳೆಯಿತು, ಹಕ್ಕಿ ಏಳಲಿಲ್ಲ. ಇನ್ನೊಂದು ಕಳೆಯಿತು. ಕೊಕ್ಕರೆಯೊಂದು ರೆಕ್ಕೆ ಬಿಚ್ಚಿದಾಗ ಸರದಾರನ ಕೈ ಕತ್ತಿಯ ಹಿಡಿಗೆ ಹೋಯಿತು. ಅದು ಮೈಕೊಡವಿ ಮತ್ತೆ ಕುಳಿತಿತು. ಏರಿಯ ನಡುಮಧ್ಯಕ್ಕೆ ಬಂದಾಗ, ಹತ್ತಿರದ ತಗ್ಗು ಕೊಂಬೆಯ ಗೂಡಿನಿಂದ ಮರಿಯೊಂದು ಜಾರಿ ನೀರಿಗೆ ಬಿದ್ದು ಒದ್ದಾಡತೊಡಗಿತು. ಆ ಮರದ ಬುಡದಲ್ಲಿ ನೀರು ಸಣ್ಣಗೆ ಅಲುಗಿದ್ದನ್ನು ಹೊಂಬಾಳಮ್ಮ ಕಂಡಳು. ಎತ್ತಬೇಡವೋ ತಮ್ಮಾ ಎಂದು ಒಳಗೊಳಗೇ ಬೇಡಿಕೊಂಡಳು. ಬಿದ್ದ ಮರಿಯನ್ನು ಬಿಟ್ಟು ಬರುವವನಲ್ಲ ಅವನು, ಅದನ್ನು ಕಲಿಸಿದವಳು ಅವಳೇ.

ನೀರಿನಿಂದ ಒಂದು ಬಲಗೈ ಮೇಲೆದ್ದಿತು. ಅಂಗೈಯಲ್ಲಿ ಮರಿಯಿತ್ತು. ಕೈ ಮೆಲ್ಲಗೆ ಗೂಡನ್ನು ಮುಟ್ಟಿತು. ತಾಯಿಹಕ್ಕಿ ಹಾರಲಿಲ್ಲ, ತುಸು ಸರಿದು ಮರಿಗೆ ಜಾಗ ಕೊಟ್ಟಿತು. ಕೈ ಮತ್ತೆ ನೀರಿಗಿಳಿಯಿತು. ಹೊಂಬಾಳಮ್ಮ ನಿಂತುಬಿಟ್ಟಳು. ಕೆಂಚನಾಯಕ ಆ ಗೂಡನ್ನೇ ನೋಡುತ್ತ ಕತ್ತಿಯ ಹಿಡಿಯಿಂದ ಕೈ ತೆಗೆದನಂತೆ. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ.

“ನಿಲ್ಬ್ಯಾಡ ಕಣವ್ವ. ಮೆತ್ತಗೆ ನಡಿ.”

ಬಂದ ನಡಿಗೆಯಲ್ಲೇ ಇಬ್ಬರೂ ಏರಿ ಮುಗಿಸಿ ಹಿಂತಿರುಗಿದರು. ಕಾದಿದ್ದ ಆಳುಗಳಿಗೆ ಅವನು, “ಒಂದ್ ಹಕ್ಕೀನೂ ಏಳ್ನಿಲ್ಲ. ಇಲ್ಲಿ ಯಾರೂ ಇಲ್ಲ,” ಎಂದ. ಪಾಳೆಯಗಾರನಿಗೆ ಏನು ಹೇಳಿದನೋ ತಿಳಿಯದು. ಅವನ ಸರದಾರಿಕೆ ಮಾತ್ರ ಹೋಯಿತು ಎನ್ನುತ್ತಾರೆ. ಅಂದಿನಿಂದ ಇದು ಮೆಲ್ನಡೆ ಏರಿಯಾಯಿತು.

ಏರಿಯ ನಡುವೆ ಈಗಲೂ ಮೊಳದೆತ್ತರದ ಕಲ್ಲೊಂದಿದೆ. ಅದರಲ್ಲಿ ಮಣಿಕಟ್ಟಿನವರೆಗಿನ ಬಲಗೈ, ಅಂಗೈಯಲ್ಲಿ ಹಕ್ಕಿಮರಿ. ಹಕ್ಕಿ ನೋಡಲು ಬಂದವರು ವಿಗ್ರಹದ ಉಳಿದ ಭಾಗ ಒಡೆದುಹೋಗಿದೆಯೆಂದು ಸುತ್ತಮುತ್ತ ಹುಡುಕುತ್ತಾರೆ. ಒಡೆದದ್ದೇನೂ ಇಲ್ಲ. ಉಳಿಯಬೇಕಾಗಿದ್ದದ್ದು ಆ ಕೈ, ಅದು ಉಳಿಯಿತು. ಊರಿನವರು ಕೆತ್ತಿಸಿದ್ದೂ ಅಷ್ಟನ್ನೇ.