ಚೆನ್ನಾಜಮ್ಮ ಗೆರೆಗೆ ಎಣ್ಣೆ ನಿಲ್ಲಿಸಿದ್ದು

ಈ ಸಲ ಒಂದೊಂದು ಮಾತೂ ನಿಜ ಮಕ್ಕಳಾ. ಹೋದ ಸಲದ ಕತೇಲಿ ಮೊಸಳೆ ಒಂದೆರಡು ಮಾರು ಉದ್ದ ಆಗೋಗಿತ್ತು, ಒಪ್ಕೊಂಡಿದ್ದೀನಿ. ಇವತ್ತು ಹಾಗಲ್ಲ. ನನ್ನ ಹಲ್ಲಿನ ಸೆಟ್ಟಿನ ಮೇಲೆ ಆಣೆ. ಅದಿಲ್ದಿದ್ರೆ ನಾನು ಚಕ್ಕುಲಿ ಮುಟ್ಟೋ ಹಾಗಿಲ್ಲ, ಅಂದ್ಮೇಲೆ ಆಣೆ ಎಷ್ಟು ಗಟ್ಟಿ ಅಂತ ನೀವೇ ಯೋಚ್ನೆ ಮಾಡಿ. ಶೈಲೂ, ಕತೆ ಶುರುವಾಗೋಕ್ ಮುಂಚೆನೇ ನಗಬೇಡ ತಾಯಿ.

ಒಂದೂರಲ್ಲಿ ಒಂದು ಕ್ಲಬ್ಬಿತ್ತು. ಕ್ಲಬ್ಬಿಗೊಂದು ಕ್ರಿಕೆಟ್ ಮೈದಾನ. ಎಂಥ ಮೈದಾನ ಅಂದ್ರೆ, ಈ ತುದೀಲಿ ಬೆಳಗಾಗಿ ಕಾಫಿ ಕುಡಿದಾದ್ರೂ ಆ ತುದೀಲಿ ಇನ್ನೂ ಕೋಳಿ ಎದ್ದಿರ್ತಿರಲಿಲ್ಲ. ಅಷ್ಟೂ ಹುಲ್ಲನ್ನ ಇಪ್ಪತ್ತೆರಡು ವರ್ಷದಿಂದ ಕುಕ್ಕರಗಾಲಲ್ಲಿ ಕೂತು ಕುಡುಗೋಲಲ್ಲಿ ಕುಯ್ತಾ ಬಂದಿದ್ದೋಳು ಚೆನ್ನಾಜಮ್ಮ. ಅವಳು ಕುಯ್ದ ಮೇಲೆ ಒಂದು ಗರಿಕೆ ಇನ್ನೊಂದು ಗರಿಕೆಗಿಂತ ಕೂದಲೆಳೆ ಎತ್ತರ ಇರ್ತಿರಲಿಲ್ಲ. ಬಂದೋರು ನೆಲ ನೋಡಿ ಚಪ್ಪಲಿ ಬಿಡ್ತಿದ್ರು.

ಒಂದು ವರ್ಷ ಕ್ಲಬ್ಬಿಗೆ ಹುಲ್ಲು ಕತ್ತರಿಸೋ ಮಷೀನು ಬಂತು. ಹಿಂದೆ ನಿಂತು ಹಿಡಿ ಹಿಡ್ಕೊಂಡು ತಳ್ಕೊಂಡ್ ಹೋಗೋದು. ಕೊಟ್ಟು ಹೋಗೋಕೆ ಬಂದಿದ್ದ ಮೆಕಾನಿಕ್ಕು ಎಂಜಿನ್ ಎಣ್ಣೆ ಬದಲಾಯಿಸೋದೂ ಸೇರಿ ಎಲ್ಲಾ ಮಾಡಿ ತೋರಿಸ್ದ. ಗಂಡಸರೆಲ್ಲ ಸದ್ದು ಕೇಳ್ತಾ, ಕೆಂಪು ಬಣ್ಣ ಸವರ್ತಾ ನಿಂತ್ರು. ಚೆನ್ನಾಜಮ್ಮ ಆಚೆ ಕಳೆ ಕೀಳ್ತಾ ಕೂತಿದ್ಲು. ಅವಳು ನೋಡಿದ್ದು ಮೆಕಾನಿಕ್ಕಿನ ಕೈನ. ಅವನು ಏನು ಮೊದಲು ಬಿಚ್ಚಿದ, ಯಾವ ಕಡೆ ಒರಗಿಸಿದ, ಎಲ್ಲಿ ಕೈ ನಿಲ್ಲಿಸಿದ, ಅಷ್ಟೂ ಅವಳ ಕಣ್ಣೊಳಗೆ ಕೂತ್ಕೊಳ್ತು.

ಮಷೀನು ಹೋಗಿದ್ದು ಸೋಮಲಿಂಗನ ಕೈಗೆ. ಅವನು ಹಿಂದೆ ಟ್ರ್ಯಾಕ್ಟರ್ ಓಡಿಸ್ದೋನು. ಒಳ್ಳೇ ಮನುಷ್ಯನೇ, ಬಾಯಿ ಸ್ವಲ್ಪ ಉದ್ದ. ವರ್ಷ ಪೂರ್ತಿ ಮಷೀನು ಓಡಿಸ್ದ, ಹಳೇ ಎಣ್ಣೆ ಒಂದ್ಸಲಾನೂ ತೆಗೀಲಿಲ್ಲ. ಕಮ್ಮಿ ಆಗಿದೆ ಅನ್ನಿಸಿದಾಗ ಮೇಲೆ ಒಂದಿಷ್ಟು ಸುರಿಯೋದು, ಅಷ್ಟೆ. ಮಷೀನು ಕೆಮ್ಮೋಕೆ ಶುರು ಮಾಡ್ತು. ಹಬ್ಬ ಬರ್ಲಿ, ಪೂಜೆ ಆದ್ರೆ ಸರಿಹೋಗುತ್ತೆ ಅಂದ.

ಅಷ್ಟರಲ್ಲಿ ಸೆಕ್ರೆಟರಿ ರಂಗಧಾಮಯ್ಯನೋರು ಚೆನ್ನಾಜಮ್ಮನ್ನ ಕರೆದು, ಮಷೀನು ಬಂದ್ಮೇಲೆ ಕುಡುಗೋಲಿಗೆ ಇನ್ನೇನು ಕೆಲಸ, ದಸರಾ ಮುಗೀಲಿ, ಆಮೇಲೆ ನೀನು ಮನೇಲಿರು ಅಂತ ಮೆತ್ತಗೆ ಹೇಳಿದ್ರು. ಅವಳು ಅಳಲಿಲ್ಲ. ಆ ಮಷೀನನ್ನ ನನ್ನ ಕೈಗೆ ಕೊಡಿ, ನಾನೇ ನಡೆಸ್ತೀನಿ ಅಂದ್ಲು. ಸೆಕ್ರೆಟರಿ ನಕ್ಕುಬಿಟ್ರು. ಸೋಮಲಿಂಗ ಅವರಿಗಿಂತ ಒಂದು ನಗು ಜಾಸ್ತೀನೇ ನಕ್ಕ.

ಆಯುಧಪೂಜೆ ಬಂತು. ಸೋಮಲಿಂಗ ಮಷೀನನ್ನ ಮದುಮಗನ ಹಾಗೆ ತೊಳೆದು, ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿ, ಗಾಲಿ ಕೆಳಗೆ ನಿಂಬೆಹಣ್ಣು ಇಟ್ಟ. ನಮ್ಮಲ್ಲಿ ನಿಮಗೇ ಗೊತ್ತಲ್ಲ, ಹಬ್ಬದ ದಿನ ಯಾವ್ದೂ ಅರ್ಧ ಇರಬಾರದು. ದೀಪದ ಎಣ್ಣೆ ತುಂಬಿರಬೇಕು, ಹಾಲು ಉಕ್ಕಬೇಕು, ಎಲೆ ಮೇಲೆ ಪಾಯಸ ಹರೀಬೇಕು. ಅದೇ ಲೆಕ್ಕದಲ್ಲಿ ಸೋಮಲಿಂಗ ಆ ಹಳೇ ಎಣ್ಣೆ ಮೇಲೇನೇ ಹೊಸ ಡಬ್ಬಿ ಬಗ್ಗಿಸಿ, ಬಾಯಿವರೆಗೂ ತುಂಬಿಸಿ, ಕೈ ಮುಗಿದ.

ಮಾರನೇ ದಿನ ವಿಜಯದಶಮಿ. ಮಧ್ಯಾಹ್ನಕ್ಕೆ ಪಕ್ಕದ ತಾಲ್ಲೂಕಿನೋರ ಜೊತೆ ಮ್ಯಾಚು. ಬೆಳಿಗ್ಗೆ ಸೋಮಲಿಂಗ ಮಷೀನು ಶುರು ಮಾಡೋ ಹಗ್ಗ ಎಳೆದ. ಮಷೀನು ಎರಡು ಸುತ್ತು ಉರುಳ್ತು, ಆಮೇಲೆ ಬಿಡ್ತು ನೋಡಿ ಹೊಗೆ. ಅಬ್ಬಬ್ಬಾ. ಬಸ್ ಸ್ಟ್ಯಾಂಡಲ್ಲಿ ಇದ್ದೋರು ಮೋಡ ಇಳೀತು ಅಂತ ಛತ್ರಿ ಬಿಚ್ಚಿದ್ರು. ಹೊಗೆಯೊಳಗೆ ಹೋದ ಕರೀ ಎಮ್ಮೆ ಆ ಕಡೆಯಿಂದ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿ ಬಂತು. ಮಷೀನು ಗೊಕ್ಕ್ ಅಂತ ನಿಂತೋಯ್ತು. ಸೋಮಲಿಂಗ ಎಳೆದ ಎಳೆದ, ಹಗ್ಗ ಬಂತೇ ಹೊರತು ಸದ್ದು ಬರಲಿಲ್ಲ.

ರಂಗಧಾಮಯ್ಯನೋರು ತಲೆ ಮೇಲೆ ಕೈ ಇಟ್ಕೊಂಡ್ರು. ಚೆನ್ನಾಜಮ್ಮ ಹತ್ರ ಬಂದು, ಎಂಜಿನ್ನು ಇನ್ನೂ ಬೆಚ್ಚಗಿದೆ, ತಣ್ಣಗಾಗೋಕ್ ಮುಂಚೆ ನಾನೊಂದು ಕೈ ನೋಡ್ಲಾ ಅಂದ್ಲು. ಮಷೀನು ಹೊರಟ್ರೆ ಇವತ್ತಿಂದ ಅದು ನಂದು. ಹೊರಡಲಿಲ್ಲ ಅಂದ್ರೆ ಈಗಲೇ ಕುಡುಗೋಲು ಇಟ್ಟು ಮನೆಗೆ ಹೋಗ್ತೀನಿ ಅಂತ ಸವಾಲು ಹಾಕಿದ್ಲು. ಸೆಕ್ರೆಟರಿಗೆ ಬೇರೆ ದಾರಿ ಇರಲಿಲ್ಲ, ಆಗ್ಲಿ ಅಂದ್ರು.

ಅವಳು ಮೊದಲು ಪ್ಲಗ್ಗಿನ ಟೋಪಿ ಎಳೆದು ಪಕ್ಕಕ್ಕೆ ಸರಿಸಿದ್ಲು, ಬ್ಲೇಡು ತಿರುಗಬಾರದಲ್ಲ. ಪೆಟ್ರೋಲು ತಳದಲ್ಲಿದೆ, ಬಗ್ಗಿಸಿದ್ರೆ ಚೆಲ್ಲಲ್ಲ ಅಂತ ನೋಡ್ಕೊಂಡ್ಲು. ಆಮೇಲೆ ಗಾಳಿ ಸೋಸೋ ಏರ್ ಫಿಲ್ಟರ್ ಆಕಾಶ ನೋಡೋ ಹಾಗೆ ಮಷೀನನ್ನ ಒರಗಿಸಿದ್ಲು. ಈ ಕಡೆ ಸುಲಭ ಅಲ್ವೇನಕ್ಕ ಅಂತ ಸೋಮಲಿಂಗ ಇನ್ನೊಂದು ಕಡೆ ತೋರಿಸ್ದ. ಆ ಕಡೆ ಬಗ್ಗಿಸಿದ್ರೆ ಎಣ್ಣೆಯೆಲ್ಲ ಫಿಲ್ಟರಿಗೆ ಹೋಗುತ್ತೆ ಅಂತ ಅವಳು ಕೈ ಬಿಡದೇ ಹೇಳಿದ್ಲು. ಕೆಳಗೆ ಹಳೇ ತಗಡಿನ ಡಬ್ಬ ಇಟ್ಟು, ಎಣ್ಣೆ ಹಾಕೋ ಬಾಯಿ ಬಿಚ್ಚಿದ್ಲು. ಬಂತು ನೋಡಿ ಎಣ್ಣೆ, ಕಣ್ಣಿಗೆ ಹಚ್ಚಬಹುದು, ಅಂಥ ಕಾಡಿಗೆ ಕಪ್ಪು. ಬೆಚ್ಚಗಿತ್ತಲ್ಲ, ಸಲೀಸಾಗಿ ಇಳೀತು. ಕೊನೇ ಹನಿ ಬೀಳೋವರೆಗೂ ಅವಳು ಅಲ್ಲಾಡಲಿಲ್ಲ.

"ಏನಕ್ಕಾ, ಇಳಿದಿದ್ದೆಲ್ಲ ಇಳೀತು, ಇನ್ನೂ ಹಾಲು ಕರೀತಿದ್ದೀಯಾ?" ಅಂದ ಸೋಮಲಿಂಗ.

"ಹಾಲಾಗಿದ್ರೆ ನಿನಗೂ ಒಂದ್ ಲೋಟ ಕೊಡ್ತಿದ್ದೆ. ಇದು ನೀನು ವರ್ಷ ಪೂರ್ತಿ ಕೂಡಿಟ್ಟಿದ್ದು."

ಮಷೀನನ್ನ ನೆಟ್ಟಗೆ ನಿಲ್ಲಿಸಿ, ಹೊಸ ಡಬ್ಬಿ ತಗೊಂಡು ಅವಳು ನಿಧಾನಕ್ಕೆ ಸುರಿದ್ಲು. ಸುರಿಯೋದು, ನಿಲ್ಲಿಸೋದು. ಅಳತೆ ಕಡ್ಡಿ ಬಟ್ಟೇಲಿ ಒರೆಸೋದು, ಅದ್ದೋದು, ನೋಡೋದು, ಮತ್ತೆ ಒರೆಸೋದು. ಕಡ್ಡಿ ಮೇಲೆ ಎರಡು ಗೆರೆ ಇತ್ತು. ಎಣ್ಣೆ ಮೇಲಿನ ಗೆರೆ ಮುಟ್ತು. ಅವಳು ಡಬ್ಬಿ ನೆಟ್ಟಗೆ ಮಾಡಿದ್ಲು. ಡಬ್ಬೀಲಿ ಇನ್ನೂ ಎಣ್ಣೆ ಉಳಿದಿತ್ತು.

ಆಗ ಸೆಕ್ರೆಟರಿನೇ ಬಾಯಿ ಹಾಕಿದ್ರು. "ಅಷ್ಟೂ ಹಾಕಮ್ಮ. ಹಬ್ಬದ ದಿನ ಕೈ ಬಿಗಿ ಹಿಡೀಬಾರದು."

ಕೆಲಸ ಇರೋದು ಹೋಗೋದು ಯಾರ ಕೈಯಲ್ಲಿತ್ತೋ ಅವರ ಬಾಯಿಂದಲೇ ಈ ಮಾತು. ಹಾಕಿದ್ರೆ ಅವರಿಗೆ ಸಂತೋಷ. ಹಾಕದೇ ಮಷೀನು ಹೊರಡದಿದ್ರೆ ಎಲ್ಲ ತಪ್ಪೂ ಅವಳ ತಲೆಗೆ. ಸುತ್ತ ನಿಂತೋರು ಸೆಕ್ರೆಟರಿ ಮಾತಿಗೆ ಹೂಂಗುಟ್ಟಿದ್ರು. ಚೆನ್ನಾಜಮ್ಮ ಡಬ್ಬಿ ಮುಚ್ಚಳ ತಿರುಗಿಸಿ ಭದ್ರ ಮಾಡಿದ್ಲು.

"ಸ್ವಾಮಿ, ಇದು ದೀಪ ಅಲ್ಲ. ದೀಪ ತುಂಬಿಸು ಅಂದ್ರೆ ತುಳುಕೋ ಹಾಗೆ ತುಂಬಿಸ್ತೀನಿ. ಇದಕ್ಕೆ ಗೆರೆ ಐತೆ. ಗೆರೆ ದಾಟಿಸಿದ್ದಕ್ಕೇ ಇದು ಉಸಿರು ಕಟ್ಕೊಂಡಿರೋದು."

ಪ್ಲಗ್ಗು ಒರೆಸಿ ಟೋಪಿ ಹಾಕಿದ್ಲು. ಸೆರಗು ಸೊಂಟಕ್ಕೆ ಸಿಕ್ಕಿಸಿ ಹಗ್ಗ ಎಳೆದ್ಲು. ಮಷೀನು ಸದ್ದು ಮಾಡ್ತು, ಜೊತೆಗೆ ಬುಸ್ ಅಂತ ಮತ್ತೆ ಬಿಳೀ ಹೊಗೆ. ಸೋಮಲಿಂಗ ಇವಳು ಸೋತ್ಲು ಅಂತ ಕೈ ತಟ್ಟಿದ. ಆದ್ರೂ ಅವಳು ಹಿಡಿ ಬಿಡಲಿಲ್ಲ. ಒಳಗೆ ಅಂಟಿದ್ದ ಹಳೇದೆಲ್ಲ ಸುಡ್ತು. ಹೊಗೆ ತೆಳ್ಳಗಾಯ್ತು. ಇನ್ನೂ ತೆಳ್ಳಗಾಯ್ತು. ಕೊನೆಗೆ ಇಲ್ಲವೇ ಇಲ್ಲ. ಮಷೀನು ಜೇನುಹುಳದ ಹಾಗೆ ಗುಂಯ್ ಅಂತ ಒಂದೇ ಸಮ ಹಾಡೋಕೆ ಶುರು ಮಾಡ್ತು.

ಹೊರಟಳು ನೋಡಿ ಚೆನ್ನಾಜಮ್ಮ. ಇಪ್ಪತ್ತೆರಡು ವರ್ಷ ಕೂತ್ಕೊಂಡೇ ನೋಡಿದ್ದ ಮೈದಾನವನ್ನ ಮೊದಲ ಸಲ ನಿಂತ್ಕೊಂಡು, ಬೆನ್ನು ನೆಟ್ಟಗೆ ಮಾಡಿ, ತಲೆ ಎತ್ಕೊಂಡು ದಾಟಿದ್ಲು. ಒಂದು ಪಟ್ಟೆ ಹೋಗ್ತಾ, ಒಂದು ಪಟ್ಟೆ ಬರ್ತಾ. ದಾರ ಹಿಡಿದು ಎಳೆದ ಹಾಗಿತ್ತು ಗೀಟು. ಹುಲ್ಲು ಎಷ್ಟು ಸಮ ಆಯ್ತು ಅಂದ್ರೆ ಪಕ್ಕದ ತಾಲ್ಲೂಕಿನೋರು ಮ್ಯಾಚು ಬಿಟ್ಟು ಅದರ ಮೇಲೆ ಕೇರಂ ಆಡೋಕೆ ಕೂತ್ರು.

ರಂಗಧಾಮಯ್ಯನೋರು ಎಲ್ಲರ ಮುಂದೆ, ಇವತ್ತಿಂದ ಮಷೀನು ಚೆನ್ನಾಜಮ್ಮನದು, ನಾನೂ ಅದನ್ನ ಮುಟ್ಟಬೇಕಾದ್ರೆ ಅವಳನ್ನ ಕೇಳಿ ಮುಟ್ತೀನಿ ಅಂದ್ರು. ಸೋಮಲಿಂಗ ತಲೆ ತಗ್ಗಿಸಿ ನಿಂತಿದ್ದ. ಚೆನ್ನಾಜಮ್ಮ ಅವನ ಕೈಗೆ ಅಳತೆ ಕಡ್ಡಿ ಕೊಟ್ಟು, ಬಾ ತಮ್ಮಾ, ಮೊದಲು ಒರೆಸೋದು ಕಲಿ ಅಂದ್ಲು. ಅವನು ಕಲ್ತ ಕೂಡ.

ಈಗ ಕೇಳಿ ಮಕ್ಕಳಾ ಮುಖ್ಯವಾದ ವಿಷಯ. ಅಂಥ ಕೈಗುಣ ಚೆನ್ನಾಜಮ್ಮಂದು. ಅವತ್ತು ಅವಳು ಹಾಕಿದಳಲ್ಲ, ಅದೇ ಎಣ್ಣೇಲಿ, ಒಂದು ಹನಿ ಬದಲಾಯಿಸದೇ, ಆ ಮಷೀನು ಮೂವತ್ತೊಂದು ವರ್ಷ...

"ತಾತ," ಅಂದ್ಲು ಶೈಲು. "ಹಳೇ ಎಣ್ಣೆ ಒಂದು ವರ್ಷ ಬಿಟ್ಟಿದ್ದಕ್ಕೇ ತಾನೆ ಅದು ಕೆಮ್ಮಿದ್ದು?"

ನೀತಿ: ಮೇಲೆ ಮೇಲೆ ಸುರಿಯೋದು ಪ್ರೀತಿನೂ ಅಲ್ಲ, ಭಕ್ತಿನೂ ಅಲ್ಲ. ಹಳೇದನ್ನ ಪೂರ್ತಿ ತೆಗೆದು, ಹೊಸದನ್ನ ಬೇಕಾದಷ್ಟೇ ಹಾಕಿ, ದೊಡ್ಡೋರು ಹಾಕು ಅಂದ್ರೂ ಗೆರೆ ಬಂದ ಕಡೆ ಕೈ ನಿಲ್ಲಿಸೋರೇ ಕೆಲಸ ಬಲ್ಲೋರು. ಅಂಥೋರು ತಲೆ ಎತ್ಕೊಂಡು ನಡೀಬಹುದು.