ರಾಕ್ಷಸನ ಕಿಟಕಿಯೂ ತಿರುಗಿದ ರೊಟ್ಟಿಯೂ

ಇಡೀ ನಾಡು ಒಂದೇ ಗಳಿಗೆಯಲ್ಲಿ ಗೊರಕೆ ಹೊಡೆಯಿತು ಅಂದರೆ ಏನಾಗಿರಬಹುದು, ಊಹಿಸಿ ನೋಡೋಣ! ಆಗಲಿಲ್ಲವೇ? ಸರಿ, ಡಂಗುರದಿಂದಲೇ ಶುರುಮಾಡುತ್ತೇನೆ.

"ಕೇಳಿರಪ್ಪೋ ಕೇಳಿ! ಗುಡ್ಡದ ರಾಕ್ಷಸನ ಮೂರು ಒಗಟು ಬಿಡಿಸಿ ಅವನ ಕಿಟಕಿಯ ಬೆಳಕು ನಿಲ್ಲಿಸಿದವರಿಗೆ ರಾಜಕುಮಾರಿ ಹೊನ್ನಾಂಬೆ, ಅರ್ಧ ರಾಜ್ಯ! ತಪ್ಪಿದವರು ಅವನ ಸೆರೆಗೆ, ಹುಣ್ಣಿಮೆಗೆ ಅವನ ಬಾಯಿಗೆ!"

ಸಾರುವವನೇ ನಡುವೆ ಆಕಳಿಸಿದ. ಆ ಕಿಟಕಿ ಹಗಲಿರುಳೂ ಉರಿದು ಊರಿಗೆ ಊರೇ ನಿದ್ದೆಗೆಟ್ಟಿತ್ತು. ಉತ್ತರ ಸಿಗುವ ತನಕ ಆರಿಸೆನೆಂದು ಹಟ ಹಿಡಿದು ರಾಕ್ಷಸನ ಕಣ್ಣೂ ಕೆಂಡವಾಗಿತ್ತು.

"ನೀರಿನಂತೆ ಹರಿಯುತ್ತದೆ, ಹರಳಿನಂತೆ ಸಾಲು ತಪ್ಪುವುದಿಲ್ಲ. ಏನದು?" ಇದು ಮೊದಲ ಒಗಟು. ರಾಜಕುಮಾರನೊಬ್ಬ "ಜೇನು" ಎಂದು ಸೆರೆಗೆ ಹೋದ. ಕುಂಬಾರರ ಮಾಚ "ಆಲಿಕಲ್ಲು" ಎಂದ, ಅವನೂ ಹೋದ. ಮಾಚನ ತಮ್ಮ ದ್ಯಾವ ದಿನವೂ ಅಣ್ಣನಿಗೆ ರೊಟ್ಟಿ ಹೊತ್ತು ಗುಡ್ಡ ಹತ್ತಿ ಸೋತವನು, ಹುಣ್ಣಿಮೆಯ ಹಿಂದಿನ ದಿನ ರಾಕ್ಷಸನ ಎದುರು ಕುಸಿದು ಕೂತ.

"ಎದ್ದು ನಿಲ್ಲೋ!"

"ಆಗೋದಿಲ್ಲ ಸ್ವಾಮಿ. ತಿನ್ನೋದಾದರೆ ಕೂತಲ್ಲೇ ತಿನ್ನಿ. ನಿಮ್ಮ ಒಗಟು ಒಂದು ದ್ರವ, ಸೆರೆಯಾಳುಗಳ ಸಾಲಿನಂಥದ್ದು. ನೂಕಾಡಿಕೊಂಡು ಹರಿಯುತ್ತಾರೆ, ಮುಖ ಮಾತ್ರ ಎಲ್ಲರದೂ ಗಂಜಿಯ ಕಡೆಗೇ."

"ಹ್ಞೂಂ, ಸರಿ. ಎರಡನೆಯ ಒಗಟು: ಎರಡು ಗಾಜು. ಬೇರೆಬೇರೆ ಇಟ್ಟರೆ ಬೆಳಕು ಬಿಡುತ್ತವೆ, ಒಂದಕ್ಕೊಂದು ಅಡ್ಡ ಜೋಡಿಸಿದರೆ ಕತ್ತಲು. ನಡುವೆ ಆ ದ್ರವ ತುಂಬಿದರೆ ಮತ್ತೆ ಬೆಳಕು. ದ್ರವ ಮಾಡಿದ್ದೇನು?"

"ರೊಟ್ಟಿ ತಿರುಗಿಸಿತು! ನಿಮ್ಮ ಸೆರೆಯ ಹೊರಬಾಗಿಲಿಗೆ ಉದ್ದ ಸರಳು, ಒಳಬಾಗಿಲಿಗೆ ಅಡ್ಡ ಸರಳು. ನಾನು ರೊಟ್ಟಿ ನೆಟ್ಟಗೆ ತೂರಿಸುತ್ತೇನೆ. ಕಾವಲಿನವರು ಕೈಯಿಂದ ಕೈಗೆ ದಾಟಿಸುತ್ತ ಅಷ್ಟಷ್ಟೇ ಮಲಗಿಸುತ್ತಾರೆ, ಅಣ್ಣನಿಗೆ ಸಿಗುತ್ತದೆ. ಆ ದ್ರವ ಬೆಳಕನ್ನೂ ಹಾಗೇ ತಿರುಗಿಸಿ ದಾಟಿಸುತ್ತದೆ."

"ಮೂರನೆಯದು. ನನ್ನ ಕಿಟಕಿಯೂ ಅಂಥದೇ ಜೋಡಿ ಗಾಜು, ನಡುವೆ ಅದೇ ದ್ರವ. ಮುಚ್ಚದೆ, ಪರದೆ ಎಳೆಯದೆ ಕತ್ತಲು ಮಾಡು ನೋಡೋಣ."

ದ್ಯಾವ ಕಣ್ಣುಜ್ಜಿಕೊಂಡ. "ನಿನ್ನೆ ಅಣ್ಣ ಉಪವಾಸ. ನಿಮ್ಮ ದಳವಾಯಿ ಬಂದ, ಕಾವಲಿನವರೆಲ್ಲ ಸೆಟೆದು ನಿಂತರು. ತಿರುಗಿಸುವವರಿಲ್ಲದೆ ರೊಟ್ಟಿ ನೆಟ್ಟಗೇ ಹೋಗಿ ಅಡ್ಡ ಸರಳಿಗೆ ಬಡಿಯಿತು. ಆ ದ್ರವವನ್ನು ಸೆಟೆದು ನಿಲ್ಲಿಸುವ ದಳವಾಯಿಯನ್ನು ಕರೆಯಿರಿ. ಅಗೋ, ನೀವು ಹಿಡಿದಿಟ್ಟು ಮೂಲೆಯ ಭರಣಿಯಲ್ಲಿ ಚಟಚಟ ಅನ್ನುತ್ತಿದೆಯಲ್ಲ, ಆ ಮಿಂಚು!"

ರಾಕ್ಷಸ ಭರಣಿಯ ತಂತಿಯನ್ನು ಕಿಟಕಿಗೆ ಮುಟ್ಟಿಸಿದ. ಗಾಜು ಕಪ್ಪಾಯಿತು. ನಮ್ಮ ಕಾಲೇಜು ಮೇಷ್ಟ್ರು ದ್ರವಸ್ಫಟಿಕ ಅನ್ನುತ್ತಿದ್ದುದು ಈ ದ್ರವವನ್ನೇ. ಕ್ಯಾಲ್ಕುಲೇಟರಿನ ಅಂಕಿ ಕಪ್ಪಗೆ ಮೂಡುವುದೂ ಹೀಗೇ!

ಬೀಗದ ಕೈ ಎಸೆದು ರಾಕ್ಷಸನೇ ಮೊದಲು ಉರುಳಿ ಗೊರಕೆ ಹೊಡೆದ. ಅಣ್ಣನನ್ನು ಬಿಡಿಸಿಕೊಂಡು ದ್ಯಾವ ಅರಮನೆಗೆ ಬಂದರೆ, ಅರಸ ಅರ್ಧ ರಾಜ್ಯ ಬರೆದುಕೊಡುತ್ತ ಅಲ್ಲೇ ತೂಕಡಿಸಿದ.

"ಮದುವೆ?" ಎಂದ ದ್ಯಾವ.

"ನಾಳೆ," ಎಂದಳು ಹೊನ್ನಾಂಬೆ, ಕಣ್ಣು ಮುಚ್ಚಿಕೊಂಡೇ. "ಈಗ ಮಲಗಯ್ಯ."

ನಾಡೆಲ್ಲ ಮಲಗಿತು. ಅವತ್ತು ಫಾಲ್ಗುಣ ಶುದ್ಧ ಚತುರ್ದಶಿ, ಮಂಗಳವಾರ.