ಅತ್ತ ಒಬ್ಬರು, ಇತ್ತ ಒಬ್ಬರು

ಒಂದೂರಲ್ಲಿ ಜವರ ಅಂತ ಒಬ್ಬನಿದ್ದ. ಪೆದ್ದ ಅಂದರೆ ಅಂಥಿಂಥ ಪೆದ್ದನಲ್ಲ, ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಪೆದ್ದ. ಅವನ ತಾಯಿ ಹೊಂಬಾಳಮ್ಮನಿಗೆ ಹಣೆ ಚಚ್ಚಿಕೊಳ್ಳುವುದೇ ಕೆಲಸ. ಅಂಥವನಿಗೂ ಮದುವೆಯಾಯಿತು. ಹೆಂಡತಿ ದೇವೀರಿ ಚಿನ್ನದಂಥವಳು, ಅವನು ಏನು ಮಾಡಿದರೂ ನಗುತ್ತಿದ್ದಳು. ಅಷ್ಟರಲ್ಲಿ ಆಷಾಢ ಬಂತು. ಆಷಾಢದಲ್ಲಿ ಹೊಸ ಸೊಸೆ ಅತ್ತೆಮನೆಯಲ್ಲಿ ಇರಬಾರದಲ್ಲ, ದೇವೀರಿ ತವರಿಗೆ ಹೋದಳು. ಜವರನಿಗೆ ಮುದ್ದೆ ಗಂಟಲಲ್ಲಿ ಇಳಿಯದು, ರಾತ್ರಿ ಕಣ್ಣು ಮುಚ್ಚದು.

"ಅವ್ವ, ದೇವೀರಿ ಯಾವಾಗ ಬತ್ತಾಳೆ?"

"ಮೊದ್ಲು ಮೈ ತೊಳ್ಕೊ ಹೋಗ್ಲಾ! ಹಂಡೆಯಿಂದ ಎಷ್ಟು ನೀರು ತಗೀತೀಯೋ ಅಷ್ಟು ತುಂಬ್ಸು. ಹಂಡೆ ಕಮ್ಮಿ ಆಗ್ಬಾರ್ದು."

ಜವರ ಬಚ್ಚಲಿಗೆ ಹೋದ. ಒಂದು ಚೊಂಬು ತೆಗೆದ, ಅದನ್ನೇ ಹಂಡೆಗೆ ಸುರಿದ. ಇನ್ನೊಂದು ತೆಗೆದ, ಅದನ್ನೂ ಸುರಿದ. ತೆಗೆದ, ಸುರಿದ. ತೆಗೆದ, ಸುರಿದ. ಹೊತ್ತು ನೆತ್ತಿಗೇರಿತು, ಮೈ ಮಾತ್ರ ಒಣಒಣ!

"ಅವ್ವ, ನೂರು ಚೊಂಬು ತಗ್ದೆ, ಹಂಡೆ ಇದ್ದಂಗೇ ಅದೆ!"

"ಅಯ್ಯೋ ಮಂಕುದಿಣ್ಣೆ! ತಗ್ದಿದ್ದನ್ನ ಮೈಗೆ ಹುಯ್ಕೊ! ಅದ್ಕೆ ಬದ್ಲು ಹಂಡೆಗೆ ಬಾವಿಯ ತಣ್ಣೀರು ಹಾಕು! ತಿಳೀತಾ?"

"ತಿಳೀತು ಕಣವ್ವ."

ಮಾರನೆ ದಿನ ತಾಯಿ, ಪಕ್ಕದ ಮನೆ ನಂಜಕ್ಕನಿಂದ ಒಂದು ಚೊಂಬು ಹಾಲು ಈಸಿಕೊಂಡು ಬಾ ಅಂದಳು. ಜವರ ಹೋದ, ಹಾಲು ಈಸಿಕೊಂಡ. ಅದಕ್ಕೆ ಬದಲು ಒಂದು ಚೊಂಬು ತಣ್ಣೀರನ್ನು ನಂಜಕ್ಕನ ಹಾಲಿನ ಪಾತ್ರೆಗೆ ಹುಯ್ದೇ ಹುಯ್ದ. ನಂಜಕ್ಕ ಸೌಟು ಹಿಡಿದು ಅಟ್ಟಿಸಿಕೊಂಡು ಬಂದಳು. ತಾಯಿ ಮಗನ ಕಿವಿ ಹಿಂಡಿದಳು.

"ಥೂ ನಿನ್ನ! ಹಾಲು ತಂದ್ರೆ ಹಾಲೇ ಕೊಡ್ಬೇಕು, ರಾಗಿ ತಂದ್ರೆ ರಾಗಿನೇ ಕೊಡ್ಬೇಕು! ತಂದ ಮನೇಲಿ ಕಮ್ಮಿ ಆಗ್ಬಾರ್ದು! ಇನ್ನು ನೀನು ಎಲ್ಲೂ ಹೋಗ್ಬೇಡ, ಹುರುಳಿ ಬೇಯ್ತಾ ಅದೆ, ನೋಡ್ಕೊ. ಮುಚ್ಚಳ ತಗೀಬೇಡ. ಮುಚ್ಚಿದ್ರೆ ಮೇಲಕ್ಕೆ ಹೋದ ಆವಿ ನೀರಾಗಿ ವಾಪಸ್ ಬತ್ತದೆ" ಅಂದು ಹೊಂಬಾಳಮ್ಮ ಹುಲ್ಲಿಗೆ ಹೋದಳು.

ಜವರ ಮುಚ್ಚಳವನ್ನೇ ದಿಟ್ಟಿಸಿದ. ಮುಚ್ಚಿದರೆ ಹೋದದ್ದು ವಾಪಸ್ ಬರುತ್ತಾ! ದೇವೀರಿ ಹೋದ ದಿನ ಬಾಗಿಲು ತೆರೆದೇ ಇತ್ತಲ್ಲ! ಎದ್ದವನೇ ಬಾಗಿಲು ಹಾಕಿದ, ಕಿಟಕಿ ಹಾಕಿದ, ಬೆಳಕಿಂಡಿಗೆ ಗೋಣಿ ತುರುಕಿದ. ಹೊಗೆಯಲ್ಲಿ ಕೆಮ್ಮುತ್ತಾ ಕಾದ. ಬಾಗಿಲು ಬಡಿದ ಸದ್ದಾಯಿತು.

"ಬಂದ್ಯಾ ದೇವೀರಿ!"

ತೆರೆದರೆ ಹುಲ್ಲಿನ ಹೊರೆ ಹೊತ್ತ ತಾಯಿ. ಜವರನ ಮುಖ ಬಾಡಿಹೋಯಿತು. ಹೊಂಬಾಳಮ್ಮ ಬೈಯಲು ಬಾಯಿ ತೆರೆದವಳು ಅವನ ಕಣ್ಣು ನೋಡಿ ಹೊರೆ ಇಳಿಸಿದಳು.

"ಮನ್ಸರು ಆವಿ ಅಲ್ಲ ಮಗ, ಹೋಗಿ ಕರ್ಕೊಂಡು ಬರ್ಬೇಕು. ನಾಳೆಗೆ ಶ್ರಾವಣ, ಹೋಗು. ಅತ್ತೆಮನೇಲಿ ಮಾತ್ರ ನಾನು ಹೇಳಿದ್ದೆಲ್ಲ ಗ್ಯಾಪಕ ಇಟ್ಕೊ!"

ಜವರ ಹಾರಿಕೊಂಡು ಹೋದ. ದೇವೀರಿ ಗಂಟುಮೂಟೆ ಕಟ್ಟಿ ಸಿದ್ಧಳಾಗಿದ್ದಳು. ಅವಳ ತಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಮಗಳು ಹೊಂಟ್ರೆ ಮನೆ ಬರಿದಾಯ್ತದೆ ಅಳಿಯಂದ್ರೆ" ಅಂದಳು. ಜವರನಿಗೆ ಜ್ಞಾಪಕ ಬಂತು. ತಂದ ಮನೆಯಲ್ಲಿ ಕಮ್ಮಿ ಆಗಬಾರದು! ದೇವೀರಿಯನ್ನು ಅವಳ ಅಣ್ಣನ ಗಾಡಿ ಹತ್ತಿಸಿದ. ತಾನು ಜಗುಲಿ ಮೇಲೆ ಕುಳಿತುಬಿಟ್ಟ!

"ನೀವು ಬರಲ್ವಾ?"

"ನಿನ್ನ ಬದ್ಲು ನಾನಿಲ್ಲಿ ಇರ್ತೀನಲ್ಲ! ನೀನು ಹೋಗು!"

ದೇವೀರಿ ಬೇಡಿದಳು, ಅಣ್ಣ ಎಳೆದ, ಜವರ ಕಂಬ ಬಿಡಲಿಲ್ಲ. ಗಾಡಿ ಹೋಯಿತು. ಕಣ್ಣಿಗೆ ಕಾಣುವವರೆಗೂ ಅದನ್ನೇ ನೋಡಿದ.

ಅತ್ತ ಹೊಂಬಾಳಮ್ಮ, "ನನ್ನ ಮಗ ಎಲ್ಲವ್ವ?" ಅಂದಳು. ಸಂಗತಿ ಕೇಳಿ ಹಣೆ ಹಣೆ ಚಚ್ಚಿಕೊಂಡಳು. ಬೆಳಗಾಗುತ್ತಲೇ ಸೊಸೆಯನ್ನೇ ಕಳಿಸಿದಳು, "ಹೋಗಿ ಅವನ್ನ ಎಳ್ಕೊಂಡು ಬಾ!"

ದೇವೀರಿ ಬರುವುದನ್ನು ಕಂಡು ಜವರ ಜಗುಲಿಯಿಂದ ಹಾರಿದ. ಕೈ ಹಿಡಿದುಕೊಂಡ. ತಿಂಗಳ ಆಸೆಯೆಲ್ಲ ಕಣ್ಣಲ್ಲಿ ನೀರಾಯಿತು. ಅವಳು ಹೊಸಿಲು ದಾಟಿದಳೋ ಇಲ್ಲವೋ, ಜವರ ಬೆಚ್ಚಿಬಿದ್ದ.

"ಅಯ್ಯೋ! ಇಲ್ಲಿ ಒಬ್ರು ಜಾಸ್ತಿ ಆಯ್ತು! ಅವ್ವನ ಮನೇಲಿ ಒಬ್ರು ಕಮ್ಮಿ ಆಯ್ತು!"

"ನಿಲ್ಲಿ! ನಾನು ಬಂದಿರೋದೇ ನಿಮ್ಮನ್ನ ಕರ್ಕೊಂಡು ಹೋಗಕ್ಕೆ! ಇಬ್ರೂ ಹೋಗುವ!"

"ಇಬ್ರೂ ಹೋದ್ರೆ ಇಲ್ಲಿ ಕಮ್ಮಿ ಆಗಲ್ವಾ?"

ಟವಲು ಹೆಗಲಿಗೆ ಹಾಕಿಕೊಂಡು ಓಡಿದ. ನಾಲ್ಕು ಹೆಜ್ಜೆಗೊಮ್ಮೆ ಹಿಂತಿರುಗಿ ನೋಡುತ್ತಾ, ಕಣ್ಣೊರೆಸಿಕೊಳ್ಳುತ್ತಾ ಓಡಿದ. ಕೆರೆ ಏರಿ ಹತ್ತಿ ನಿಂತು ಊರಿಗೆಲ್ಲ ಕೇಳುವಂತೆ ಕೂಗಿದ.

"ದೇವೀರೀ, ನಿನ್ನ ಬಿಟ್ಟಿರಕ್ಕಾಗಲ್ಲ! ಬೇಗ ನಮ್ಮನೆಗೆ ಬಾ! ನೀನು ಬಂದ ತಕ್ಷಣ ನಾನು ಇಲ್ಲಿಗೆ ಬಂದ್ಬಿಡ್ತೀನಿ!"